ಸೊನ್ನೆ ಬರುವ ತನಕ

ಕಾರಟಗಿ ದಾಟಿ ರಸ್ತೆ ಸಿಂಧನೂರಿನ ಕಡೆ ಹೊರಳುವಲ್ಲಿ
ನಮ್ಮ ಲಾರಿ ಕಾಟಾ. ತಗಡಿನ ಖೋಲಿ, ಒಂದು ಕಿಟಕಿ,
ಒಂದು ಹಳೆಯ ಕಂಪ್ಯೂಟರು;
ಕೀಲಿಗಳ ಸಂದಿಯಲ್ಲಿ ಭತ್ತದ ಹೊಟ್ಟು.

ರಾತ್ರಿ ಎರಡೂ ಹತ್ತಕ್ಕೆ ಕರೆಂಟು ಹೋಯಿತು.
ಯುಪಿಎಸ್ಸು ಮೂರು ಸಲ ಕೂಗಿ ಸುಮ್ಮನಾಯಿತು.
ಲಾರಿಯೊಂದು ತಟ್ಟೆಯ ಮೇಲೇ ಉಳಿಯಿತು.
ತೂಕ ಆಗಿತ್ತು,
ಬರೆದಿಡುವುದು ಆಗಿರಲಿಲ್ಲ.

ಕರೆಂಟು ಬಂದಾಗ ಕಪ್ಪು ಪರದೆ, ಬಿಳಿ ಅಕ್ಷರ:
ಮೂವತ್ತು ಸಲ ಎದ್ದೆ, ಒಮ್ಮೆಯೂ ನೋಡಿಕೊಳ್ಳದೆ.
ಇವತ್ತು ನೋಡಿಕೊಂಡೇ ಮುಂದಿನ ಮಾತು.
ಅದರ ಇಂಗ್ಲಿಷು ಇಷ್ಟು ಮೆತ್ತಗಿಲ್ಲ.
ನಾನು ಹೀಗೆ ಓದಿಕೊಳ್ಳುತ್ತೇನೆ.

ನೂರಕ್ಕೆ ನಾಲ್ಕು.
ಬಹಳ ಹೊತ್ತು, ನೂರಕ್ಕೆ ನಾಲ್ಕೇ.

ಹಾರ್ನು. ಮತ್ತೆ ಹಾರ್ನು.
"ಏ ಹುಸೇನಪ್ಪ, ಇನ್ನಾ ಎದ್ದಿಲ್ಲೇನೋ ನಿನ್ನ ಮಷೀನು?"
"ಎದ್ದೈತಿ. ಮೈ ತಡವಿ ನೋಡ್ಕೊಳ್ಳಾಕ ಹತ್ತೈತಿ."
ಖಾದರಬಾಷಾ ಕೆಳಗಿಳಿದು, ಹೊಟ್ಟಿನ ರಾಶಿಯಿಂದ ದೂರ ಹೋಗಿ
ಬೀಡಿ ಹಚ್ಚಿದ.

ಇದನ್ನು ಕೂಡಿಸಿಕೊಟ್ಟವನು ಬಡಿಗೇರ ಮೌನೇಶ.
ಒಂದು ಸಾಲು ತೋರಿಸಿ, ಅದರ ತುದಿಯ ಅಂಕಿಯ ಮೇಲೆ
ಉಗುರು ಇಟ್ಟು ಹೇಳಿದ್ದ:
"ಇಲ್ಲಿ ಸೊನ್ನಿ ಹಾಕಿದ್ರ ಜಲ್ದಿ ಏಳತೈತಿ, ಖರೆ.
ಎದ್ದದ್ದೆಲ್ಲ ನೆಟ್ಟಗ ಐತಿ ಅಂತ ಮಾತ್ರ ತಿಳೀಬ್ಯಾಡ."
ಸಾಹುಕಾರರ ಅಳಿಯನಿಗೆ ಆ ಸೊನ್ನೆಯೇ ಬೇಕು.
ಹನ್ನೆರಡು ನಿಮಿಷಕ್ಕೆ ನಾಲ್ಕು ಲಾರಿ
ಪೆಟ್ರೋಲ್ ಬಂಕಿನ ಪಕ್ಕದ ಕಾಟಾಕ್ಕೆ ಹೋಗುತ್ತವಂತೆ.
ಹೂಂ ಅಂದಿದ್ದೇನೆ. ಹಾಕಿಲ್ಲ.

ಕೆಲಸ ನಡೆದಿರುವಾಗಲೇ ಯಾಕೆ ನೋಡಿಕೊಳ್ಳಬಾರದು ಇದು?
ಕೇಳಿದ್ದೆ ಒಮ್ಮೆ. ಮೌನೇಶ ಬಾಯಲ್ಲಿ ಉತ್ತರ ಕೊಡಲಿಲ್ಲ,
ಕಿಟಕಿಯಾಚೆ ಕೈ ತೋರಿಸಿದ:
"ಲಾರಿ ಮ್ಯಾಲೆ ನಿಂತಾಗ ಸೊನ್ನಿ ಹಿಡದು ತೋರ್ಸು, ನೋಡೂಣು."

ಅಷ್ಟೇ.
ತೂಕ-ಅಳತೆ ಇಲಾಖೆಯವರೂ ವರ್ಷಕ್ಕೊಮ್ಮೆ
ಕಬ್ಬಿಣದ ಕಲ್ಲು ಇಳಿಸುವ ಮುಂಚೆ ಕೇಳುವುದು ಅದನ್ನೇ:
ತಟ್ಟೆ ಖಾಲಿ ಐತೇನು?

ಅರವತ್ತೊಂದಕ್ಕೆ ನಿಂತಿತು.
ಏನೋ ಸಿಕ್ಕಿದೆ. ಹೆಸರಿಲ್ಲ, ಯಾವ ಮನೆಯದೋ ಗೊತ್ತಿಲ್ಲ.
ಅಂಥವನ್ನು ಅದು ಬಿಸಾಡುವುದಿಲ್ಲ.
ಕಳೆದದ್ದು-ಸಿಕ್ಕಿದ್ದು ಎಂಬ ಒಂದು ಗೂಡು ಇದೆ ಅದಕ್ಕೆ,
ಅಲ್ಲಿಟ್ಟು, ಕೊರಳಿಗೊಂದು ನಂಬರು ಕಟ್ಟಿ ಮುಂದೆ ಹೋಗುತ್ತದೆ.
ಎಪ್ಪತ್ತು. ಎಂಬತ್ತೆಂಟು. ನೂರು.

ಗೂಡು ತೆರೆದು ನೋಡಿದೆ.
ಹೋದ ತಿಂಗಳ ಹತ್ತೊಂಬತ್ತು, ಬೆಳಗಿನ ಜಾವ ಮೂರೂ ಕಾಲು.
ಗಾಡಿ ನಂಬರು: ಖಾಲಿ.
ಮಾಲು: ಖಾಲಿ.
ತೂಕ: ಇಪ್ಪತ್ತು ಕಿಲೋ.

ಒಂದು ಚೀಲವೇ ಎಪ್ಪತ್ತೈದು ತೂಗುವ ಊರಲ್ಲಿ
ಇಪ್ಪತ್ತು ಕಿಲೋ ಹೊತ್ತು ಬಂದವರು ಯಾರು,
ರಶೀದಿಯನ್ನೂ ಕೇಳದೆ ಹೋದವರು?
ನಿದ್ದೆಗಣ್ಣಲ್ಲಿ ನಾನೇ ಕೀಲಿ ಒತ್ತಿರಬೇಕು,
ಒತ್ತಿದ ಕ್ಷಣಕ್ಕೇ ಕರೆಂಟು ಹೋಗಿರಬೇಕು.

"ಹಿಂದಕ್ಕ ತಗೋ ಬಾಷಾ, ಮತ್ತ ತೂಗೂಣು."
ಬೈದುಕೊಳ್ಳುತ್ತಲೇ ತೆಗೆದ.
ತಟ್ಟೆ ಹಗುರಾಯಿತು.
ಫಲಕದ ಕೆಂಪು ಅಂಕಿಗಳು ಇಳಿದಿಳಿದು
ಸೊನ್ನೆಗೆ ಬರಬೇಕು.
ಬಂತು. ಗಳಿಗೆ ಬಿಟ್ಟು, ಇಪ್ಪತ್ತು.

ಕಿಟಕಿಯಿಂದ ಬಗ್ಗಿದೆ.
ಆ ಕಂದು ನಾಯಿ. ಲಾರಿ ಸರಿಯುವುದನ್ನೇ ಕಾದಿತ್ತೇನೋ,
ಎಂಜಿನ್ನಿನಡಿ ಬೆಚ್ಚಗಾದ ಕಬ್ಬಿಣದ ಮೇಲೆ
ಮೂಗು ಬಾಲಕ್ಕೆ ಹಚ್ಚಿ ಸುತ್ತಿಕೊಂಡಿತ್ತು.

ಹೊರಗೆ ಹೋಗಿ ಎಬ್ಬಿಸಿದೆ. ಏಳಲಿಲ್ಲ.
ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.
ಬಾಷಾ ಕಿಟಕಿಯ ಹತ್ತಿರ ನಿಂತು ಫಲಕ ಓದಿದ:
"ಎಂಬತ್ತು!"

ಒಳಗೆ ಪರದೆಯ ಮೇಲೆ ಹೊಸ ಎಣಿಕೆ, ಮೂವತ್ತರಲ್ಲಿ ಒಂದು.
ಇನ್ನೊಂದು ಗಳಿಗೆ ಕೂತೆ.
ಆ ತೂಕವನ್ನು ಯಾರೂ ಬರೆದುಕೊಳ್ಳಲಿಲ್ಲ.